ಆಟದೊಳಗೆ ಹೋದ ಅಳು

ಸೊಸೆಯನ್ನು ಆರಿಸುವಾಗ ಜನ ಬಣ್ಣ ನೋಡುತ್ತಾರೆ, ಓದು ನೋಡುತ್ತಾರೆ, ತೀರಾ ಚಾಲಾಕಿನವರಾದರೆ ರೊಟ್ಟಿ ತಟ್ಟಿಸಿ ನೋಡುತ್ತಾರೆ. ಗೊರೇಬಾಳದ ತಿಮ್ಮವ್ವ ನೋಡಿದ್ದು ಅಳುವನ್ನು. ಲಿಂಗಸುಗೂರಿನಲ್ಲಿ ದೂರದ ನೆಂಟರೊಬ್ಬರ ಮಣ್ಣಿಗೆ ಹೋದಾಗ, ಹೆಣದ ತಲೆಯ ಬಳಿ ಕೂತ ಹುಡುಗಿಯೊಬ್ಬಳು ಸತ್ತವನ ಗುಣವನ್ನೆಲ್ಲ ಎತ್ತಿ ಎತ್ತಿ ಹಾಡಿಕೊಂಡು ಅಳುತ್ತಿದ್ದಳು. ಅವಳು ಅತ್ತ ರೀತಿಗೆ ಸತ್ತವನ ವೈರಿಗಳೂ ಮೂಗು ಒರೆಸಿಕೊಂಡರು. ತಿಮ್ಮವ್ವನಿಗೆ ಹಾಡಿಕೊಂಡು ಅಳುವುದು ಬಾರದು. ಎದೆ ಬಡಿದುಕೊಳ್ಳುತ್ತಾಳೆ, ಮಾತು ಮಾತ್ರ ಹೊರಡುವುದಿಲ್ಲ. "ನಾ ಸತ್ತಾಗ ಅಳಾಕ ಮನ್ಯಾಗ ಒಬ್ಬಾಕಿ ಬೇಕವಾ" ಎಂದು ಅಲ್ಲೇ ಹುಡುಗಿಯ ತಾಯಿಯನ್ನು ಹಿಡಿದು ಸಂಬಂಧ ಕೇಳಿ, ಜಯಶ್ರೀಯನ್ನು ಹಿರಿಯ ಮಗ ಗಾದಿಲಿಂಗನಿಗೆ ತಂದುಕೊಂಡಳು.

ಆದರೆ ಮೊದಲು ಹೋದವನು ಗಾದಿಲಿಂಗ. ಮಸ್ಕಿಯಿಂದ ಬರುವಾಗ ಮರಳಿನ ಟಿಪ್ಪರು ಬೈಕಿಗೆ ಬಡಿಯಿತು. ಎರಡು ವರ್ಷವಾಯಿತು.

ಅಂದು ಬಂದ ಹೆಂಗಸರೆಲ್ಲ ಪದ್ಧತಿಯಂತೆ ಜಯಶ್ರೀಯ ಕೊರಳಿಗೆ ಬಿದ್ದು ಅತ್ತರು. ಹಾಗೆ ಬಿದ್ದಾಗ ಇವಳು ರಾಗ ಎತ್ತಬೇಕು, ಅವರು ದನಿ ಕೂಡಿಸಬೇಕು. ಊರಿನ ಹೆಣಕ್ಕೆಲ್ಲ ಅತ್ತವಳು ಗಂಡನ ಹೆಣಕ್ಕೆ ಏನೇನು ಹಾಡುತ್ತಾಳೋ ಎಂದು ಅಂಗಳ ತುಂಬ ಜನ ಕಾದಿದ್ದರು. ಇವಳು ಕಂಬದಂತೆ ನಿಂತಳು. ಮುಕ್ಕುಂದದಿಂದ ಬಂದ ಚಿಕ್ಕತ್ತೆ ಕೊರಳಿಗೆ ಬಿದ್ದು ಬಿಕ್ಕುತ್ತಿದ್ದರೆ, "ಉಂಡು ಬಂದೀರೇನ್ರಿ?" ಎಂದು ಕೇಳಿದಳು. ಊರು ಬಾಯಿಗೆ ಸೆರಗು ಇಟ್ಟುಕೊಂಡಿತು.

ತಿಮ್ಮವ್ವ ಅಂದಿನಿಂದ ಸೊಸೆಯ ಜೊತೆ ಬೇಕಾದಷ್ಟೇ ಮಾತಾಡಿದಳು. ನೀರಿನ ಟಾಕಿಯ ಬಳಿ ಮಾತ್ರ ಒಮ್ಮೆ, ಎಲ್ಲರಿಗೂ ಕೇಳುವಂತೆ, "ನನ್ನ ಮಗ ಅಳಿಸಿಗೊಳ್ಳದ ಹೋದ" ಎಂದಳು. ಜಯಶ್ರೀಗೆ ಸಿಟ್ಟೂ ಬರಲಿಲ್ಲ, ದುಃಖವೂ ಬರಲಿಲ್ಲ. ಅಂಗನವಾಡಿಯ ಕೆಲಸಕ್ಕೆ ಹೋಗುತ್ತಿದ್ದಳು, ಅಲ್ಲಿನ ಮಕ್ಕಳಿಗೆ ಉಪ್ಪಿಟ್ಟು ಹಾಕುತ್ತಿದ್ದಳು, ಬರುತ್ತಿದ್ದಳು. ಎದೆಯಲ್ಲಿ ಏನಿತ್ತೆಂದು ಕೇಳಿದರೆ ಏನೂ ಇರಲಿಲ್ಲ. ಅತ್ತೆ ಅಂದದ್ದು ನಿಜವೆಂದು ಗೊತ್ತಿತ್ತು, ಅಷ್ಟೆ. ಗಂಡ ಹಾಡಿ ಅಳಿಸಿಕೊಳ್ಳದೆ ಹೋಗಿದ್ದ. ಅದೊಂದು ಋಣ ತೀರಬೇಕಿತ್ತು.

ಹೀಗಿರುವಾಗ ಲಿಂಗಸುಗೂರಿನಲ್ಲಿ ಭಜನೆ ಪದ, ಮದುವೆ ಪದ ರೆಕಾರ್ಡ್ ಮಾಡುವ ತವರಿನ ಓಣಿಯ ಶಿವರಾಜ ಫೋನು ಮಾಡಿದ.

"ಅಕ್ಕಾ, ಪರದೇಶದವ್ರು ಒಂದು ವಿಡಿಯೋ ಗೇಮ್ ಮಾಡಾಕತ್ತ್ಯಾರ. ನಮ್ಮ ಕಡಿ ಹಳ್ಳ್ಯಾಗ ನಡಿಯೂ ಕತಿ. ಸಿಪಾಯಿಗೋಳು ಒಬ್ಬ ಹುಡುಗನ್ನ ಕೊಂದಿರ್ತಾರ, ಅವರವ್ವ ಅಳಬೇಕು. ಅಸಲೀ ಅಳೂದ ಬೇಕಂತ. ನೀ ಬಿಟ್ರ ಇನ್ಯಾರದಾರ?"

ಆ ಕಂಪನಿ ಹಿಂದೊಂದು ಆಟದಲ್ಲಿ ದಕ್ಷಿಣದ ಹಳ್ಳಿಯ ಮುದುಕಿಯ ಬಾಯಲ್ಲಿ ಹಿಂದಿ ಆಡಿಸಿ, ಜಗತ್ತಿನ ಎಲ್ಲ ಕಡೆಯಿಂದ ಬೈಸಿಕೊಂಡಿತ್ತಂತೆ. ಬೈಸಿಕೊಂಡವರ ಭಕ್ತಿ ಜೋರಿರುತ್ತದೆ. ಈ ಸಲ ನಾಯಿ ಬೊಗಳಿದರೂ ಆ ಊರಿನದೇ ಬೊಗಳಬೇಕೆಂದು ಪಣ ತೊಟ್ಟಿದ್ದರು.

ಅಳು ಇನ್ನೂ ಒಳಗೆ ಉಳಿದಿದೆಯೋ ಸತ್ತಿದೆಯೋ ನೋಡಿಬಿಡೋಣ ಎಂದು ಜಯಶ್ರೀ ಒಪ್ಪಿಕೊಂಡಳು. ಆದರೆ ಒಂದು ತೊಡಕಿತ್ತು. ಹೆಣವಿಲ್ಲದ ಕಡೆ ಸುಮ್ಮನೆ ಹಾಡಿಕೊಂಡು ಅತ್ತರೆ ಸಾವನ್ನು ಮನೆಗೆ ಕರೆದಂತೆ. ಅಳಬೇಕೆಂದರೆ ನಿಜವಾಗಿ ಸತ್ತವನೊಬ್ಬ ಬೇಕು, ಅವನ ಹೆಸರು ಬೇಕು. ಎಂದೋ ಹೋದ ತನ್ನ ಅಜ್ಜ ಅಂಬಪ್ಪನ ಹೆಸರು ಹಿಡಿದರಾಯಿತೆಂದು ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ಹೋದಳು.

ಸ್ಟುಡಿಯೋದ ಗೋಡೆಗೆಲ್ಲ ಸ್ಪಂಜು ಬಡಿದಿದ್ದರು. ಬಾಗಿಲು ಹಾಕಿದರೆ ತನ್ನ ಉಸಿರು ತನಗೇ ದೊಡ್ಡದಾಗಿ ಕೇಳುತ್ತಿತ್ತು. ಗಾಜಿನ ಆಚೆ ಬೆಂಗಳೂರಿನಿಂದ ಬಂದ ಕಂಪನಿಯವನು ಕೈ ಎತ್ತಿದ. ಜಯಶ್ರೀ ಕಣ್ಣು ಮುಚ್ಚಿ ಬಾಯಿ ತೆರೆದಳು.

"ಯಪ್ಪಾ ನನ ಗಾದಿಲಿಂಗಾ..."

ಅದು ತನ್ನ ಬಾಯೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. ಕಟ್ಟಿಕೊಂಡ ಗಂಡನ ಹೆಸರನ್ನು ಅವಳು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲೂ ಪಕ್ಕದವರಿಂದ ಹೇಳಿಸುತ್ತಿದ್ದಳು. ಹೆಂಡತಿ ಹೇಳಬಾರದ ಹೆಸರು ತಾಯಿಯ ಪಾಲಿನ ಅಳುವಿನಲ್ಲಿ ತಾನಾಗಿ ಬಂತು. ಒಮ್ಮೆ ಬಂದಮೇಲೆ ನಿಲ್ಲಲಿಲ್ಲ. "ಭತ್ತದ ರಾಶಿ ಮ್ಯಾಲ ಟಾವೆಲ್ ಹೊಚಗೊಂಡು ಮಲಗಾಂವ, ಮಣ್ಣಾಗ ಹೆಂಗ ಮಲಗಿದ್ಯೋ ನನ ಗಾದಿಲಿಂಗಾ. ಮಸ್ಕಿ ಮಿರ್ಚಿ ಪೇಪರ್‍ನ್ಯಾಗ ಸುತಗೊಂಡು ಬರಾಂವ, ಬರಿಗೈಲೆ ಹೆಂಗ ಹೋದ್ಯೋ ನನ ಗಾದಿಲಿಂಗಾ." ಹುಬ್ಬಿನ ಮೇಲಿನ ಗಾಯದ ಕಲೆ ಬಂತು, ಅವ್ವನ ಕೈಯ ಹುಳಿಬಾನದ ತುತ್ತು ಬಂತು. ಅವಳು ನಿಲ್ಲಿಸಿದಾಗ ಶಿವರಾಜ ಆಚೆ ಮುಖ ತಿರುಗಿಸಿಕೊಂಡು ನಿಂತಿದ್ದ. ಕಂಪನಿಯವನು "ಸೂಪರ್ ಮೇಡಂ, ಪಕ್ಕಾ ಒರಿಜಿನಲ್" ಎಂದ.

ಹೊರಗೆ ಬಂದು ಚಹಾ ಕುಡಿದಳು. ಎದೆ ಮತ್ತೆ ಮೊದಲಿನಂತೆಯೇ ಮುಚ್ಚಿಕೊಂಡಿತ್ತು. ಆದರೂ ತಲೆಯ ಮೇಲಿನ ಹೊರೆಯೊಂದು ಇಳಿದಿತ್ತು. ಆಟ ಬಂದಾಗ ಅತ್ತೆಗೆ ಕೇಳಿಸಬೇಕು, ನಿನ್ನ ಮಗ ಅಳಿಸಿಕೊಂಡ ಎನ್ನಬೇಕು. ಅದೊಂದೇ ಅವಳಿಗೆ ಬೇಕಾಗಿದ್ದದ್ದು. ಮನೆಯಲ್ಲಿ ಯಾರಿಗೂ ಹೇಳದೆ ಕಾದಳು.

ತಿಂಗಳ ಮೇಲೆ ಶಿವರಾಜ ಮತ್ತೆ ಕರೆದ. ಕಂಪನಿಯ ವಕೀಲರಿಗೆ ಹೆಸರು ಒಗ್ಗಿರಲಿಲ್ಲ. "ಹೆಸರಲ್ಲಿ ದೇವರಿದ್ದಾನೆ ಮೇಡಂ" ಎಂದು ಬೆಂಗಳೂರಿನವನು ಸಮಾಧಾನದಿಂದ ಹೇಳಿದ. "ಸೈನಿಕರು ಕೊಂದಿದ್ದು ಇಂಥ ಧರ್ಮದವನನ್ನ, ಇಂಥ ಜಾತಿಯವನನ್ನ ಅಂತಾದರೆ ರಾಜಕೀಯ ಆಗುತ್ತೆ. ಯಾರಿಗೂ ಸೇರದ ಹೆಸರು ಬೇಕು." ಯಾರಿಗೂ ಸೇರದ ಹೆಸರು ಹುಡುಕಿ ಹುಡುಕಿ ಅವರು ವಿಜಯ ಎಂಬಲ್ಲಿಗೆ ಬಂದು ನಿಂತಿದ್ದರು. ಭಾಷೆ ಮಾತ್ರ ಅಸಲಿಯೇ ಇರಬೇಕು. ಅದರೊಳಗಿನ ಮನುಷ್ಯ ಅಸಲಿ ಇರಬಾರದು.

ಆಗಲೇ ಬೇಡವೆಂದು ಎದ್ದು ಬರಬಹುದಿತ್ತು. ಜಯಶ್ರೀಗೆ ಬೇಡವೆನ್ನಲು ಬೇಕಾದ ಸಿಟ್ಟೇ ಹುಟ್ಟಲಿಲ್ಲ. ಕೂತಳು, ಹಳೆಯ ಅಳುವಿನಲ್ಲಿ ಜೋಡಿಸಲು ಬೇಕಾದ ಹೊಸ ಹೆಸರನ್ನಷ್ಟೇ ಹೇಳಿದಳು. ಏರುದನಿಯಲ್ಲಿ ವಿಜಯಾ, ಬಿಕ್ಕಿ ವಿಜಯಾ, ದನಿ ಒಡೆದು ವಿಜಯಾ. "ಇನ್ನೊಂದ್ಸಲ ಮೇಡಂ." ವಿಜಯಾ. ಬಿಸಿಲು ಇಳಿಯುವ ತನಕ ಹೇಳಿಸಿದರು. ಅವಳು ಸಿಂಧನೂರಿನ ಬಸ್ಸು ಹತ್ತಿದಾಗ ಗಂಟಲಲ್ಲಿ ಅದೊಂದೇ ಹೆಸರು ಉಳಿದಿತ್ತು.

ಆಟ ಹೊರಬಿದ್ದದ್ದು ಮುಂದಿನ ವರ್ಷ. ಗಾದಿಲಿಂಗನ ತಮ್ಮ ವಿರೇಶ ಸಿಂಧನೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಶಿವರಾಜನಿಂದ ಸುದ್ದಿ ತಿಳಿದು, ಒಂದು ಭಾನುವಾರ ಬೆಳಿಗ್ಗೆ ಆಟವನ್ನು ಮನೆಗೇ ತಂದು ಪಡಸಾಲೆಯಲ್ಲಿ ಹಚ್ಚಿದ.

"ಅತ್ತಿಗಿ, ಬರ್ರಿಲ್ಲಿ. ಯವ್ವಾ, ನೀನೂ ಬಾ."

ಪರದೆಯಲ್ಲೊಂದು ಸುಟ್ಟ ಹಳ್ಳಿ. ಕಾಲುವೆಯಿಲ್ಲ, ಭತ್ತವಿಲ್ಲ. ಎಲ್ಲಿ ನೋಡಿದರೂ ತೆಂಗಿನ ಮರ, ಮಧ್ಯೆ ಒಂದು ಆನೆ. "ನಮ್ಮ ಕಡಿ ಆನಿ ಎಲ್ಲೈತಲೇ?" ಎಂದಳು ತಿಮ್ಮವ್ವ. ವಿರೇಶ ಬಂದೂಕು ಹಿಡಿದ ಬಿಳಿ ಸಿಪಾಯಿಯನ್ನು ಗುಡಿಸಲೊಂದರ ಮುಂದೆ ನಡೆಸಿದ. ಅಲ್ಲಿ ಹೆಣದ ಮುಂದೆ ಒಬ್ಬ ಮುದುಕಿ ಕೂತಿದ್ದಳು. ಸಿಪಾಯಿ ಹತ್ತಿರ ಹೋದಂತೆ ಅಳು ಜೋರಾಯಿತು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ವಿರೇಶ ಓದಿ ಹೇಳಿದ: "ಹೆಂಗಸು ಸ್ಥಳೀಯ ಭಾಷೆಯಲ್ಲಿ ಅಳುತ್ತಾಳೆ, ಅಂತ ಬರದಾರ. ಅಷ್ಟ."

ತಿಮ್ಮವ್ವ ಕೇಳುತ್ತಿದ್ದಳು. ರಾಶಿ ಮೇಲಿನ ಟಾವೆಲ್ ಬಂತು. ಮಿರ್ಚಿ ಬಂತು. ಹುಬ್ಬಿನ ಕಲೆ ಬಂದಾಗ ಅವಳ ಕೈ ತನ್ನ ಹುಬ್ಬಿಗೆ ಹೋಯಿತು.

"ಇದು ನನ ಮಗಾ," ಎಂದಳು. ಆಮೇಲೆ, "ವಿಜಯ ಯಾರಬೇ?"

"ಅವರ ಹೆಸರ ಹಚ್ಚಿದ್ದೆ ಅತ್ತಿ. ಕಂಪನ್ಯಾರು ತಗದ್ರು," ಎಂದಳು ಜಯಶ್ರೀ, ಉಪ್ಪಿಲ್ಲದ ದನಿಯಲ್ಲಿ.

"ನೀ? ಅವನ ಹೆಸರ ಬಾಯಾಗ ತಗೊಂಡಿದ್ದ್ಯಾ?"

"ತಗೊಂಡಿದ್ದೆ. ಅತ್ತೀನಿ. ಹೆಸರು ಕಂಪನ್ಯಾರ ಕಡೀಗೇ ಉಳೀತು."

ಅಷ್ಟರಲ್ಲಿ ಸಿಪಾಯಿಗೆ ಎಲ್ಲಿಂದಲೋ ಗುಂಡು ಬಡಿದು ಪರದೆ ಕೆಂಪಾಯಿತು. ಆ ಜಾಗದಲ್ಲಿ ಬಹಳ ಹೊತ್ತು ನಿಂತರೆ ಹೊಡೆಯುತ್ತಾರೆ ಎಂದು ವಿರೇಶ ಹೇಳಿದ.

"ಹೊಡಸ್ಕೋ. ಮತ್ತ ಅಲ್ಲೇ ನಿಲ್ಲು."

ವಿರೇಶ ಮತ್ತೆ ನಿಂತ. ಮತ್ತೆ ಸತ್ತ. ಮೂರನೆಯ ಸಲ ಸಾಯುವ ಹೊತ್ತಿಗೆ ತಿಮ್ಮವ್ವ ಸೊಸೆಯ ಕಡೆ ತಿರುಗಿ ಅವಳ ಎರಡೂ ಕೈ ಹಿಡಿದಳು. ಮುದುಕಿಯ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು.

"ಅದು ಹಾಳಾಗ್ಲಿ ಬಿಡು ತಂಗಿ. ಇಲ್ಲಿ ಅನ್ನು. ಒಂದ ಸಲ. ಅವನ ಹೆಸರ ಹಚ್ಚಿ ಅನ್ನು."

ಜಯಶ್ರೀ ಕಣ್ಣು ಮುಚ್ಚಿದಳು. ರಾಗ ಬಂತು. ಟಾವೆಲ್ ಬಂತು, ರಾಶಿ ಬಂತು, ಮಣ್ಣು ಬಂತು. "ಮಣ್ಣಾಗ ಹೆಂಗ ಮಲಗಿದ್ಯೋ ನನ ವಿಜಯಾ" ಎಂದಳು.

ವಿರೇಶ ಕಂಪ್ಯೂಟರಿನ ದನಿ ಆರಿಸಿದ. ಜಯಶ್ರೀ ಇನ್ನೊಮ್ಮೆ ಬಾಯಿ ತೆರೆದಳು. ಬಾಯಿ ಮತ್ತೆ ವಿಜಯನ ವಿ ಅಕ್ಷರಕ್ಕೇ ಕೂಡಿಕೊಂಡಿತು. ತಿಮ್ಮವ್ವ ಅವಳ ತುಟಿಗಳ ಮೇಲೆ ತನ್ನ ಅಂಗೈ ಇಟ್ಟು ಒತ್ತಿ ಹಿಡಿದಳು.

"ಸಾಕು. ಬ್ಯಾಡ. ನಾ ಅಂತೀನಿ."

ರಾಗ ಗೊತ್ತಿಲ್ಲದ, ಎಂದೂ ಹಾಡಿ ಅಳದ ಮುದುಕಿ ಎಮ್ಮೆ ಒದರಿದಂಥ ದನಿಯಲ್ಲಿ ಶುರುಮಾಡಿದಳು. "ಮಣ್ಣಾಗ ಹೆಂಗ ಮಲಗಿದ್ಯೋ ನನ ಗಾದಿಲಿಂಗಾ." ಅಲ್ಲಿಗೆ ಮಾತು ಮುಗಿಯಿತು. ಮುಂದಿನ ಸಾಲು ಅವಳಿಗೆ ತಿಳಿಯದು. ಸೊಸೆಯ ಮುಖ ನೋಡಿದಳು. ಜಯಶ್ರೀ ಬಾಯಿಯ ಮೇಲಿನ ಕೈ ಸರಿಸಿ, ಒಣಗಣ್ಣಿನಲ್ಲೇ, ಪಾಠ ಹೇಳಿಕೊಡುವವಳಂತೆ ಮೆಲ್ಲಗೆ ಹೇಳಿಕೊಟ್ಟಳು: "ಮಸ್ಕಿ ಮಿರ್ಚಿ ಪೇಪರ್‍ನ್ಯಾಗ ಸುತಗೊಂಡು ಬರಾಂವ, ಬರಿಗೈಲೆ ಹೆಂಗ ಹೋದ್ಯೋ..." ಹೆಸರಿನ ಜಾಗ ಬಂದಾಗ ಅವಳು ಬಾಯಿ ಮುಚ್ಚಿಕೊಂಡು ಅತ್ತೆಗಾಗಿ ಕಾದಳು.