ಅಡ್ಡ ಬಿದ್ದ ಅಚ್ಚು

"ಖೊಟ್ಟಿ ರೊಕ್ಕ ನಡಸಾಕತ್ತೀಯೇನ ಪೀರಬಿ? ನಾಳಿಂದ ಸಂತ್ಯಾಗ ಬುಟ್ಟಿ ಇಳಸಬ್ಯಾಡ!"

ಇಂಡಿ ಪಟ್ಟಣದ ಸಂತೆಯ ಮೇಲ್ವಿಚಾರಕ ವಾಸುದೇವರಾಯರು ಆಕೆಯ ಎಂಟಾಣೆಯನ್ನು ಎತ್ತಿ ಹಿಡಿದರು. ಒಂದು ಬದಿಯಲ್ಲಿ ಸಿಂಹ ನೆಟ್ಟಗಿತ್ತು. ಮಗುಚಿದರೆ ಅಂಕಿ ಅಡ್ಡ ಮಲಗಿತ್ತು.

ಹೆಸರು ಕೆಟ್ಟರೆ ತನ್ನ ನಿಂಬೆ ಕೊಳ್ಳುವವರಾರು? ಪೀರಬಿ ಜಗ್ಗಲಿಲ್ಲ. "ಪತ್ತಾರರ ತಕ್ಕಡಿ ತರಸ್ರಿ. ನಿಮ್ಮ ಕಿಸೆದಾಗಿನ ಎಂಟಾಣೆ ಎದುರಿಗಿಡ್ರಿ."

ಅಕ್ಕಸಾಲಿಗ ಪತ್ತಾರ ಚಿನ್ನ ತೂಗುವ ತಕ್ಕಡಿ ತಂದ. ಮಂದಿ ಸುತ್ತ ನೆರೆದರು. ತಟ್ಟೆಗಳು ತೂಗಾಡಿ, ತೂಗಾಡಿ, ಸಮನಾಗಿ ನಿಂತವು. ಕಲ್ಲಿಗೆ ಬಡಿದರೆ ಎರಡು ನಾಣ್ಯಗಳೂ ಒಂದೇ ದನಿಯಲ್ಲಿ ಠಣ್ಣೆಂದವು.

"ಅಚ್ಚು ಒತ್ತುವಾಗ ತಿರುಗೇತಿ. ನಾಣ್ಯ ಖರೇ ಐತ್ರಿ," ಎಂದ ಪತ್ತಾರ.

ರಾಯರು ನಾಣ್ಯ ಮರಳಿಸಿ ಹೊರಟರು. ಪೀರಬಿ ಅಡ್ಡ ನಿಂತಳು. "ಖೊಟ್ಟಿ ಅಂತ ಮಂದಿ ಮುಂದ ಒದರಿದ್ರಿ. ಖರೇ ಅನ್ನೂದೂ ಹಂಗ ಒದರ್ರಿ."

"ಖರೇ ಐತಿ," ರಾಯರು ಗೊಣಗಿದರು.

"ಹಿಂದಿನವರಿಗೆ ಕೇಳಸಲಿಲ್ರೀ ರಾಯರ!"

ಈ ಸಲದ ಕೂಗು ಬಸ್ ನಿಲ್ದಾಣದವರೆಗೂ ಕೇಳಿಸಿತು.