ಹನ್ನೆರಡಕ್ಕೇ ಯಾಕೆ

ಟೈಲರಿಗೆ ಒಂದು ಹಠವಿತ್ತು. ಮದುವೆ ಬಟ್ಟೆಗೆ ಮುಂಚೆಯೇ ಅಳತೆ ತೆಗೆಯುವವನಲ್ಲ. "ಮೈ ಇವತ್ತಿದ್ದ ಹಾಗೆ ನಾಳೆ ಇರಲ್ಲ, ಹದಿನೈದು ದಿನ ಇದೆ ಅನ್ನುವಾಗ ಬನ್ನಿ" ಅಂತ ಎಂಥವರನ್ನೂ ಬಾಗಿಲಿನಿಂದಲೇ ಸಾಗಹಾಕುತ್ತಿದ್ದ.

ಮಗಳ ಶಾಲೆಯಿಂದ ಬಂದ ಲಸಿಕೆಯ ಫಾರಂ ವಾರದಿಂದ ಕತ್ತರಿಯ ಕೆಳಗೇ ಬಿದ್ದಿತ್ತು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಸೂಜಿಯಂತೆ. ಹೆಂಡತಿಯನ್ನು ನುಂಗಿದ್ದು ಅದೇ ರೋಗ. ಬೇಡ ಅನ್ನಲು ಅವನಿಗೇನು ಹುಚ್ಚೇ? ಆದರೆ ಹನ್ನೆರಡು ವರ್ಷದ ಮಗುವಿಗೆ ಈಗಲೇ ಯಾಕೆ? ಮದುವೆ ಹೊತ್ತಿಗೆ ಅದರ ಶಕ್ತಿ ಮುಗಿದು ಹೋಗಿದ್ದರೆ? ಯೋಚಿಸಿ ಯೋಚಿಸಿ ತಲೆ ಕೆಟ್ಟು ಗೊಬ್ಬರವಾಯಿತು. ಕೊನೆಯ ದಿನ ಖಾಲಿ ಫಾರಂ ಹಿಡಿದುಕೊಂಡೇ ಶಾಲೆಗೆ ಹೋದ.

ಲಸಿಕೆ ಹಾಕುವ ನರ್ಸಮ್ಮನ ಮುಂದೆ ಮಗಳು ಆಗಲೇ ಅಂಗಿಯ ತೋಳು ಮಡಚಿ ಕೂತಿದ್ದಳು. ಅಪ್ಪನ ಸಹಿಯೊಂದೇ ಬಾಕಿ.

"ಮದುವೆ ಗೊತ್ತಾದ ತಕ್ಷಣ ನಾನೇ ಕರ್ಕೊಂಡು ಬರ್ತೀನಿ" ಅಂದ.

ನರ್ಸಮ್ಮ ನಕ್ಕಳು. "ಈ ರೋಗ ತರೋ ವೈರಸ್ಸೇನು ಲಗ್ನಪತ್ರಿಕೆ ನೋಡ್ಕೊಂಡು ಬರುತ್ತಾ? ಅದು ಮೈಗೆ ಸೋಕೋದಕ್ಕೆ ಮುಂಚೆ ಹಾಕಿಸಿದ್ರೇನೇ ಹೆಚ್ಚು ಉಪಯೋಗ. ಈ ವಯಸ್ಸಲ್ಲಿ ಮೈ ಚೆನ್ನಾಗಿ ಹಿಡ್ಕೊಳ್ಳುತ್ತೆ, ವರ್ಷಗಟ್ಟಲೆ ಕಾಯುತ್ತೆ. ಗಂಡುಮಕ್ಕಳಿಗೂ ಕೊಡಬಹುದು."

"ಗಂಡುಮಕ್ಕಳಿಗೆ ಗರ್ಭಕೋಶ ಎಲ್ಲಿಂದ ಬಂತು ತಾಯಿ?"

"ಈ ವೈರಸ್ಸು ಅವರಿಗೂ ಬೇರೆ ಕ್ಯಾನ್ಸರ್ ತರುತ್ತೆ. ಮತ್ತೆ ಹೆಂಗಸರಿಗೆ ಅದು ಹೆಚ್ಚಾಗಿ ತಗಲೋದು ಗಂಡಸರ ಸಂಪರ್ಕದಿಂದಾನೇ ಅಲ್ವಾ?"

ಅವನು ಮಗಳಿಗೆ ಕೇಳದ ಹಾಗೆ ಬಗ್ಗಿ, "ಹಾಗಾದ್ರೆ ಇವಳಮ್ಮಂಗೆ... ನನ್ನಿಂದ?" ಅಂದ.

ನರ್ಸಮ್ಮ ಸಿರಿಂಜು ಕೆಳಗಿಟ್ಟಳು. "ಯಾರಿಂದ ಅಂತ ಯಾರಿಗೂ ಹೇಳೋಕಾಗಲ್ಲಪ್ಪ. ಬಹಳಷ್ಟು ಜನಕ್ಕೆ ತಗಲುತ್ತೆ. ಏನೂ ಗೊತ್ತಾಗದೆ ಹೋಗಿಬಿಡುತ್ತೆ. ಕೆಲವರಲ್ಲಿ ಉಳ್ಕೊಳ್ಳುತ್ತೆ. ತಪ್ಪು ಹುಡುಕ್ಬೇಡಿ."

ಅವಳ ಮಾತು ಅರ್ಧ ತಲೆಗೆ ಹೋಯಿತು, ಅರ್ಧ ಹೋಗಲಿಲ್ಲ. ಹೌದೋ ಅಲ್ಲವೋ ಅನ್ನುವುದನ್ನು ಇನ್ನು ಯಾರನ್ನು ಕೇಳುವುದು? ಕೇಳಬೇಕಾದವಳೇ ಇಲ್ಲ. ಪೆನ್ನು ಇಸಿದುಕೊಂಡು ಸಹಿ ಹಾಕಿದ. ಅಕ್ಷರ ಸೊಟ್ಟಗಾಯಿತು.

ಸೂಜಿ ಹೋಗಿದ್ದೂ ಬಂದಿದ್ದೂ ಮಗಳಿಗೆ ತಿಳಿಯಲಿಲ್ಲ. ಹತ್ತಿ ಒತ್ತಿ ಹಿಡಿದು ಅಪ್ಪನ ಮುಖ ನೋಡಿದಳು.

"ನಂಗೇ ನೋವಾಗಲಿಲ್ಲ. ನೀನ್ಯಾಕಪ್ಪ ಅಳ್ತಿದ್ದೀಯ?"

"ನಂಗೆ ಗೊತ್ತಿರಲಿಲ್ಲ ಮಗಳೇ" ಅಂದ.