ಓದದೆ ಹಾಕಿದ ಸಹಿ

ನನ್ನ ಹೆಸರಿನಲ್ಲಿ ಒಂದೇ ಒಂದು ಪೇಟೆಂಟ್ ಇದೆ. ಸಿಗ್ನಲ್ ಕ್ಷೀಣವಾದಾಗಲೂ ಮೊಬೈಲಿನಂಥ ಉಪಕರಣ ಟವರಿನ ಜೊತೆ ಸಂಪರ್ಕ ಕಳೆದುಕೊಳ್ಳದಂತೆ ನೋಡಿಕೊಳ್ಳುವ ಉಪಾಯ ಅದು. ಹದಿನೈದು ವರ್ಷದ ಹಿಂದೆ ಹಲವು ಕಂಪನಿಗಳ ಎಂಜಿನಿಯರುಗಳು ಕೂತು ಮೊಬೈಲ್ ಸಂಪರ್ಕಕ್ಕೆ ಜಗತ್ತಿಗೆಲ್ಲ ಒಂದೇ ಮಾನದಂಡ ಬರೆದಾಗ ನನ್ನ ಉಪಾಯವನ್ನೂ ಅದರಲ್ಲಿ ಸೇರಿಸಿದರು. ಅಂದಮೇಲೆ ಆ ಮಾನದಂಡದ ಪ್ರಕಾರ ಯಾರು ಏನು ತಯಾರಿಸಿದರೂ ನನ್ನ ಪೇಟೆಂಟ್ ಬಳಸಲೇಬೇಕು. ಇದನ್ನು ನಾನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಹೇಳಿದ್ದುಂಟು.

"ನಮ್ಮ ಅಡುಗೆಮನೇಲಿ ಫೋನಿಗೆ ಸಿಗ್ನಲ್ ಸಿಗೋದೇ ಇಲ್ಲವಲ್ರೀ" ಅನ್ನುತ್ತಾಳೆ ಹೆಂಡತಿ.

"ಅದು ಗೋಡೆ ತಪ್ಪು" ಅನ್ನುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಕಂಪನಿ, ಟವರಿನ ಮೂಲಕ ಲೆಕ್ಕ ಕಳಿಸುವ ನೀರಿನ ಮೀಟರು ತಯಾರಿಸುವ ಒಂದು ಸಣ್ಣ ಕಂಪನಿಯ ಮೇಲೆ ಮೂರು ದೇಶಗಳಲ್ಲಿ ಒಟ್ಟಿಗೇ ಮೊಕದ್ದಮೆ ಹೂಡಿತು. ಪೇಟೆಂಟ್ ಬಳಸುವ ಪರವಾನಗಿಗೆ ನಾವು ಹೇಳಿದ ದರವನ್ನು ಅವರು ಒಪ್ಪಿರಲಿಲ್ಲ. ಮೊದಲು ವಿಚಾರಣೆಗೆ ಬಂದ ಕೋರ್ಟಿನಲ್ಲಿ ನಾನೇ ಮುಖ್ಯ ಸಾಕ್ಷಿ. ಹೊಸ ಕೋಟು ಹೊಲಿಸಿದೆ.

"ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ಪಾಠ ಮಾಡಬೇಡಿ" ಎಂದು ನಮ್ಮ ವಕೀಲರು ಎರಡು ವಾರ ಬಡಕೊಂಡರು.

ನಾನು ಒಂದು ಗಂಟೆ ಪಾಠ ಮಾಡಿದೆ. ಹೇಳಿಕೆ ಟೈಪು ಮಾಡುತ್ತಿದ್ದವರು, ಸ್ವಲ್ಪ ನಿಧಾನ ಎಂದು ಎರಡು ಸಲ ಕೈ ಎತ್ತಿದರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟದ್ದನ್ನು ನೋಡಿ, ಮೆಚ್ಚಿಕೊಂಡರೆಂದೇ ತಿಳಿದೆ.

ಆಮೇಲೆ ಎದುರು ಪಕ್ಷದ ವಕೀಲೆ ಎದ್ದು ಒಂದು ಹಾಳೆ ತೋರಿಸಿದರು. "ಈ ಸಹಿ ನಿಮ್ಮದೇ ತಾನೆ?"

"ನನ್ನದೇ!"

"ಓದಿ ಹಾಕಿದ್ರಾ?"

"ಇಲ್ಲ. ಊಟದ ಹೊತ್ತಾಗಿತ್ತು."

ಎಲ್ಲರೂ ನಕ್ಕರು. ವಕೀಲೆ ಮಾತ್ರ ನಗದೆ, "ಈಗ ಓದಿ" ಅಂದರು.

ಓದಿದೆ. ಕೇಳಿದ ಯಾರಿಗೇ ಆದರೂ ನ್ಯಾಯವಾದ, ಭೇದವಿಲ್ಲದ ಷರತ್ತಿನ ಮೇಲೆ ಪರವಾನಗಿ ಕೊಡುತ್ತೇವೆ ಎಂದು ಕಂಪನಿಯ ಪರವಾಗಿ ನಾನು ಮಾತು ಕೊಟ್ಟಿದ್ದೆ. ಆಮೇಲೆ ಮಾನದಂಡ ಬರೆದವರ ಆ ದಿನದ ಸಭೆಯ ನಡಾವಳಿಯನ್ನು ವಕೀಲೆಯೇ ಓದಿದರು: "ಬಂದಿರುವ ಮೂರು ಉಪಾಯಗಳೂ ಸರಿಸಮ. ಪರವಾನಗಿಯ ಮಾತು ಬರೆದುಕೊಟ್ಟವರದನ್ನೇ ತೆಗೆದುಕೊಳ್ಳೋಣ."

ಇಷ್ಟು ವರ್ಷ ಬುದ್ಧಿವಂತಿಕೆ ಅಂದುಕೊಂಡು ಮೆರೆದದ್ದು ಒಂದು ಸಹಿಯ ಮಹಿಮೆ! ಹೊಸ ಕೋಟು ಇದ್ದಕ್ಕಿದ್ದಂತೆ ದೊಗಲೆಯಾಯಿತು.

"ದೊಡ್ಡ ಫೋನ್ ಕಂಪನಿಗೆ ಹಾಕಿದ ದರದ ಆರು ಪಟ್ಟು ಈ ಮೀಟರಿಗೆ ನಿಮ್ಮವರು ಹಾಕಿದ್ದಾರೆ. ಇದು ಭೇದವಿಲ್ಲದ ಷರತ್ತಾ?" ಎಂದು ಕೇಳಿದರು ವಕೀಲೆ.

ಆರು ಪಟ್ಟು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ನಮ್ಮ ವಕೀಲರು ತಟ್ಟನೆ ಎದ್ದು ನಿಂತರು. "ಸ್ವಾಮಿ, ಇವರು ಎಂಜಿನಿಯರು. ದರದ ವಿಷಯ ಇವರಿಗೆ ತಿಳಿಯದು."

"ಇಷ್ಟು ಹೊತ್ತು ತಿಳಿಯದ್ದು ಯಾವುದೂ ಇಲ್ಲವೆಂಬಂತೆ ಮಾತಾಡಿದರಲ್ಲ, ಹೇಳಲಿ" ಅಂದರು ನ್ಯಾಯಾಧೀಶರು.

"ಅಲ್ಲ" ಅಂದೆ.

ಅದನ್ನು ಧೈರ್ಯ ಅಂತ ಹೇಳಿಕೊಳ್ಳಲು ನನಗೂ ಆಸೆ. ನಿಜವಾಗಿ, ಸುಳ್ಳು ಹುಡುಕುವಷ್ಟು ಹೊತ್ತು ಸಿಗಲಿಲ್ಲ.

ಹೊರಗೆ ಪಡಸಾಲೆಯಲ್ಲಿ ಮೀಟರು ಕಂಪನಿಯ ಯಜಮಾನತಿ ಎದುರಾದರು. ನನ್ನ ತಾಯಿಯ ವಯಸ್ಸು.

"ದರ ಕಡಿಮೆ ಮಾಡಿ ಅಂತ ನಿಮ್ಮ ಆಫೀಸಿಗೆ ಮೂರು ಕಾಗದ ಬರೆದೆನಪ್ಪಾ. ನಿಮಗೇ ಬರೆಯಬೇಕಿತ್ತು."

"ಬರೆದಿದ್ರೂ ನಾನು ಓದ್ತಿರಲಿಲ್ಲ, ಅಮ್ಮಾ."

ಅವರು ನಕ್ಕು ನನ್ನ ತೋಳು ತಟ್ಟಿದರು. ಆ ಇಡೀ ದಿನ ನನಗೆ ಸಿಕ್ಕ ಮರ್ಯಾದೆ ಅಷ್ಟೇ.

ಫೋನಿಗೆ ಹಾಕಿದ ದರವೇ ಮೀಟರಿಗೂ ಎಂದು ಕೋರ್ಟು ಹೇಳಿತು. ನಮ್ಮವರು ಉಳಿದೆರಡು ದೇಶಗಳ ಮೊಕದ್ದಮೆ ವಾಪಸು ಪಡೆದು, ಎಲ್ಲ ದೇಶಗಳಿಗೂ ಸೇರಿಸಿ ಒಂದೇ ಪರವಾನಗಿ ಕೊಟ್ಟರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಹೊಸ ಸಾಕ್ಷಿಗಳಿಗೆ ತರಬೇತಿ ಕೊಡುವಾಗ, ಸಾಕ್ಷಿ ಹೇಗೆ ಹೇಳಬಾರದು ಎಂಬುದಕ್ಕೆ ಈಗ ನನ್ನ ಹೇಳಿಕೆಯನ್ನೇ ಓದುತ್ತಾರೆ, ಹೆಸರು ಹೇಳದೆ.

ಹೋದ ವಾರ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪಕ್ಕದಲ್ಲಿದ್ದ ಸಹೋದ್ಯೋಗಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, "ಯಾರು ಸಾರ್ ಈ ಮಹಾನುಭಾವ?" ಅಂದಳು.

"ನಮ್ಮವರೇ ಕಣಮ್ಮಾ. ಒಳ್ಳೆಯವರು, ಮಾತು ಸ್ವಲ್ಪ ಜಾಸ್ತಿ" ಅಂದೆ.